ಮೂರು ತಟ್ಟು

ನೀರಿನೊಳಗೆ ಅವನು ಬಿಡುವ ಉಸಿರಿನ ಗುಳ್ಳೆಗಳು ಎಣಿಸುವಷ್ಟೇ ಇರುತ್ತಿದ್ದವು. ಬೇರೆಯವರ ಬೆನ್ನಿನ ಗಾಳಿ ಸಿಲಿಂಡರು ಅರ್ಧಕ್ಕಿಳಿದಾಗ ಅವನದಿನ್ನೂ ಮುಕ್ಕಾಲು ತುಂಬಿರುತ್ತಿತ್ತು. ಅದಕ್ಕೇ ಎಲ್ಲರ ಬಾಯಲ್ಲೂ ಅವನು ಗುಳ್ಳೆಯಣ್ಣ. ಮೂವತ್ತೊಂದು ವರ್ಷ ಕಡಲಡಿಯ ಹವಳದ ದಿಬ್ಬಕ್ಕೆ ಜನರನ್ನು ಇಳಿಸಿ, ಒಬ್ಬರ ಕೂದಲೂ ಕೊಂಕದ ಹಾಗೆ ಮೇಲೆ ತಂದವನು. ಡೈವಿಂಗ್ ಅಂಗಡಿಗೆ ಬಂದವರು ಮೆಟ್ಟಿಲು ಹತ್ತುತ್ತಲೇ "ಗುಳ್ಳೆಯಣ್ಣ ಇದ್ದಾರಾ?" ಎನ್ನುತ್ತಿದ್ದರು. ಅಂಗಡಿಯ ಒಡೆಯ ಅವನ ತಂಗಿಯ ಗಂಡ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಒಡೆಯನ ಮುಖ ಹುಳ್ಳಗಾಗುತ್ತಿತ್ತು.

ಒಂದು ವರ್ಷದಿಂದ ಗುಳ್ಳೆಯಣ್ಣನ ಕಿವಿ ಮಂದವಾಗಿತ್ತು. ಮುಳುಗುವುದಕ್ಕೆ ಅಡ್ಡಿಯಿಲ್ಲ, ಹೋದ ಕೇಳುವಿಕೆ ಮಾತ್ರ ವಾಪಸು ಬರುವುದಿಲ್ಲ ಎಂದಿದ್ದರು ಡಾಕ್ಟರು. ಎದುರಿನವರ ತುಟಿ ನೋಡಿಕೊಂಡು ಹೇಗೋ ನಿಭಾಯಿಸುತ್ತಿದ್ದ. ತಂಗಿಯ ಗಂಡನಿಗೆ ಅಷ್ಟೇ ಸಾಕಾಯಿತು.

"ಭಾವ, ಕೆಳಗೆ ಮಾತಿಲ್ಲ ಕತೆಯಿಲ್ಲ. ಸಿಲಿಂಡರಿಗೆ ಸರಳಿಂದ ಮೂರು ಸಲ ತಟ್ಟಿದ್ರೆ ತಿರುಗಬೇಕು. ನಿಮಗೆ ಕೇಳಿಸುತ್ತಾ?"

"ಕಿವಿಗೆ ಯಾಕಯ್ಯಾ ಕೇಳಿಸಬೇಕು? ನೀರಲ್ಲಿ ತಟ್ಟಿದ್ರೆ ಎದೆಗೂಡಿಗೇ ಬಂದು ಬಡಿಯುತ್ತೆ. ಅದನ್ನ ನಿನಗೆ ಹೇಳಿಕೊಟ್ಟವನೇ ನಾನು."

"ಹಾಗಾದ್ರೆ ನಾಳೆ ಬೆಳಿಗ್ಗೆ ನೋಡೇಬಿಡೋಣ. ನೀವು ಮುಂದೆ, ನಾನು ಹಿಂದೆ. ತಿರುಗಿದ್ರೆ ದಿಬ್ಬ ನಿಮ್ಮದು. ಇಲ್ಲಾಂದ್ರೆ ಇನ್ನು ನೀರಿನ ಮಾತೆತ್ತಬಾರದು."

"ಆಗಲಿ."

"ಆಮೇಲೆ ಮಾತು ತಪ್ಪಬೇಡ ಅಣ್ಣ," ಎಂದಳು ತಂಗಿ.

ಬೆಳಿಗ್ಗೆ ಇಬ್ಬರೂ ಇಳಿದರು. ಮೇಲೆ ದೋಣಿಯಲ್ಲಿ ತಂಗಿ ಮತ್ತು ದೋಣಿಯವನು. ಕಳ್ಳನೋಟ ನೋಡಿದ ಎಂದು ಯಾರೂ ಆಡಿಕೊಳ್ಳಬಾರದೆಂದು ಗುಳ್ಳೆಯಣ್ಣ ಒಮ್ಮೆಯೂ ಕತ್ತು ಹೊರಳಿಸಲಿಲ್ಲ. ಬೀಸಣಿಗೆಯಂಥ ಹವಳ ದಾಟಿದ. ಹಾವುಮೀನಿನ ಬಿಲ ದಾಟಿದ. ಮೈಯೆಲ್ಲ ಎದೆಯಾಗಿ ಕಾಯುತ್ತಿದ್ದ. ಈಗ ತಟ್ಟುತ್ತಾನೆ, ಇನ್ನೇನು ತಟ್ಟುತ್ತಾನೆ. ನಲವತ್ತು ನಿಮಿಷವಾಯಿತು. ಕೊನೆಗೆ ತಂಗಿಯ ಗಂಡನೇ ಈಜಿ ಎದುರಿಗೆ ಬಂದು, ಹೆಬ್ಬೆರಳು ಮೇಲೆತ್ತಿ, ಏಳೋಣ ಎಂದು ಸನ್ನೆ ಮಾಡಿದ.

ದೋಣಿ ಹತ್ತಿ ಮುಖವಾಡ ಕಿತ್ತವನೇ ಒಡೆಯ ಕೇಳಿದ: "ಎಷ್ಟೂಂತ ತಟ್ಟೋದು ಭಾವ?"

"ನೀನು ತಟ್ಟಲೇ ಇಲ್ವಲ್ಲೋ!"

"ನಾಲ್ಕು ಕಡೆ ತಟ್ಟಿದೆ. ಮೀನುಗಳೆಲ್ಲ ತಿರುಗಿ ನೋಡಿದ್ವು, ನಿಮ್ಮೊಬ್ಬರನ್ನ ಬಿಟ್ಟು."

ದೋಣಿಯವನು ಕಿಸಕ್ಕೆಂದ. ಗುಳ್ಳೆಯಣ್ಣ ತಲೆ ತಗ್ಗಿಸಿದ. ಹಾಗೆ ತಗ್ಗಿಸಿದ್ದರಿಂದಲೇ ಕಂಡಿತು. ತಂಗಿ ಕೂತ ಹಲಗೆಯ ಕೆಳಗೆ ತಟ್ಟುವ ಸರಳು ಬಿದ್ದಿತ್ತು. ಹಿಡಿಗೆ ಸುತ್ತಿದ ಬಟ್ಟೆ ಒಣಗಿ ಗರಿಗರಿಯಾಗಿತ್ತು, ಒಂದು ಹನಿ ನೀರೂ ತಾಗಿರಲಿಲ್ಲ.

ಅವನು ನೋಡಿದ್ದನ್ನು ತಂಗಿ ನೋಡಿದಳು. ಮಡಿಲಲ್ಲಿದ್ದ ಟವೆಲನ್ನು ಮೆಲ್ಲಗೆ ಅದರ ಮೇಲೆ ಜಾರಿಸಿಬಿಟ್ಟಳು.

"ತಂಗೀ, ಆ ಟವೆಲ್ ಎತ್ತು."

"ಏನಣ್ಣ?" ಎಂದು ಅವಳು ಕಿವಿಗೆ ಕೈ ಹಿಡಿದಳು. "ಕೇಳಿಸ್ಲಿಲ್ಲ."

ಮೂವರೂ ನಕ್ಕರು. ನಗೆ ಅವನಿಗೆ ಕೇಳಿಸಲಿಲ್ಲ, ಹಲ್ಲು ಕಂಡವು. ಚಿಕ್ಕಂದಿನಲ್ಲಿ ಬೆನ್ನ ಮೇಲೆ ಕೂರಿಸಿಕೊಂಡು ಈಜು ಕಲಿಸಿದ್ದ ತಂಗಿ ಅವಳು. ಅವನು ಬೆನ್ನಿನ ಸಿಲಿಂಡರು ಬಿಚ್ಚಿ ಅವಳ ಕಾಲ ಬಳಿ ಇಟ್ಟ.

ಈಗ ಅಂಗಡಿಯ ಹಿತ್ತಿಲಲ್ಲಿ ಉಪ್ಪು ಹಿಡಿದ ಡೈವಿಂಗ್ ಉಡುಪುಗಳನ್ನು ತಗಡಿನ ತೊಟ್ಟಿಯಲ್ಲಿ ತೊಳೆಯುವುದು ಅವನ ಕೆಲಸ. ಸರಳನ್ನು ಅಲ್ಲೇ ಮೊಳೆಗೆ ನೇತುಹಾಕಿದ್ದಾರೆ. ಯಾರಿಗೆ ಬೇಸರವಾದರೂ ಬಂದು ಅವನ ಬೆನ್ನ ಹಿಂದೆ ನಿಂತು ತೊಟ್ಟಿಗೆ ಮೂರು ಸಲ ತಟ್ಟುತ್ತಾರೆ.

ಮೊಣಕೈವರೆಗೆ ನೀರಲ್ಲಿ ಮುಳುಗಿದ ಕೈಗಳಿಂದ ಅದು ನೇರ ಎದೆಗೂಡಿಗೆ ಬಂದು ಬಡಿಯುತ್ತದೆ. ಅವನು ತಿರುಗುತ್ತಾನೆ. ಇವತ್ತಿನವರೆಗೆ ಒಂದು ಸಲವೂ ತಪ್ಪಿಲ್ಲ.