ಅಣ್ಣನ ಮೇಲೆ ಬಂದ ದೂರು

ನಮ್ಮ ಈಜು ಶಾಲೆಗೆ ಇದುವರೆಗೆ ಬಂದಿರುವುದು ಒಂದೇ ದೂರು, ಅದೂ ಶಾಲೆ ಕಟ್ಟಿದ ನನ್ನ ಅಣ್ಣನ ಮೇಲೆ. ದೂರು ಕೊಟ್ಟವಳಿಗೆ ಒಂಬತ್ತು ವರ್ಷ. ಯಾರನ್ನೂ ಮಾತಿನಲ್ಲಿ ಗೆಲ್ಲಲು ಬಿಡದ ಆ ಹುಡುಗಿಯನ್ನು ನಾವೆಲ್ಲ ವಕೀಲಮ್ಮ ಎಂದೇ ಕರೆಯುತ್ತೇವೆ. ದೂರನ್ನು ವಿಚಾರಿಸಬೇಕಾದವಳು ನಾನು, ಏಕೆಂದರೆ ಮಕ್ಕಳ ಸುರಕ್ಷತೆಯ ಹೊಣೆ ನನ್ನದು. ಆ ಹೊಣೆ ಹೊರಿಸಿದವನು ಅಣ್ಣನೇ, ಅನುಭವಿಸಲಿ.

ನಡೆದದ್ದು ಇಷ್ಟು. ಒಂದು ಸಂಜೆ ತರಗತಿ ಮುಗಿದು ಎಲ್ಲರೂ ಹೊರಟುಹೋಗಿದ್ದರು. ಬಸ್ಸು ಕೆಟ್ಟು ವಕೀಲಮ್ಮನ ತಾಯಿ ಬರುವುದು ತಡವಾಗಿತ್ತು. ಒದ್ದೆ ಕೂದಲಿನ ಹುಡುಗಿ ಚಳಿಯಲ್ಲಿ ನಡುಗುವುದನ್ನು ನೋಡಲಾರದೆ ಅಣ್ಣ, "ಬಾ ಪುಟ್ಟಾ, ಕಾರಲ್ಲಿ ಮನೆಗೆ ಬಿಡ್ತೀನಿ," ಎಂದ.

"ಇನ್ನೊಬ್ರು ದೊಡ್ಡೋರು ಇಲ್ದೆ ಕಾರು ಹತ್ತಬಾರ್ದು ಸರ್. ಬೇಡ."

ಆ ನಿಯಮ ಮಾಡಿದವನೂ ಅಣ್ಣನೇ. ಆದರೆ ಅವನಿಗೆ ಮೂಗಿನ ತುದಿಯಲ್ಲೇ ಕೋಪ. "ನನ್ನ ಮೇಲೇ ಅನುಮಾನನಾ?" ಎಂದು ಕೂಗಾಡಿಬಿಟ್ಟ. ಅವಳು ಗೇಟಿನ ಕಾವಲುಗಾರನ ಪಕ್ಕದಲ್ಲಿ ಅಳುತ್ತ ನಿಂತು ತಾಯಿಗಾಗಿ ಕಾದಳು.

ಮರುದಿನ ನನ್ನ ಮೇಜಿನ ಮುಂದೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಳು. "ಆಂಟಿ, ಬೇಡ ಅಂದಿದ್ದಕ್ಕೆ ಸರ್ ಬೈದ್ರು. ಬೈಬಾರ್ದಿತ್ತು."

ಬೈಯಬಾರದಿತ್ತು, ನಿಜ. ಒಂದು ವಾರ ಕೊಳದ ಹತ್ತಿರ ಸುಳಿಯಬೇಡ ಎಂದು ಅಣ್ಣನಿಗೆ ಹೇಳಿದೆ. ಅಪ್ಪ ಹೋದ ಮೇಲೆ ನನ್ನನ್ನು ಸಾಕಿ ಬೆಳೆಸಿದವನಿಗೆ ಹಾಗೆ ಹೇಳುವಾಗ ನಾಲಿಗೆ ತಡವರಿಸಿತು, ಆದರೂ ಹೇಳಿದೆ. ಅವನು ಮುಖ ಊದಿಸಿಕೊಂಡು ಮನೆಯಲ್ಲಿ ಕೂತ. ನನ್ನೊಂದಿಗೆ ಮಾತಿಲ್ಲ ಕತೆಯಿಲ್ಲ. ವಾರ ಕಳೆದು ಬಂದವನು ಎಲ್ಲ ಮಕ್ಕಳ ಮುಂದೆ ನಿಂತು, "ತಪ್ಪು ನಂದು. ಅವಳು ಮಾಡಿದ್ದೇ ಸರಿ," ಎಂದ. ಹೇಳುವಾಗ ಅವನ ಕಿವಿ ಕೆಂಪಾಗಿತ್ತು.

ಇದಾದ ಸ್ವಲ್ಪ ದಿನಕ್ಕೆ, ಮಕ್ಕಳು ನಮ್ಮಲ್ಲಿ ಎಷ್ಟು ಸುರಕ್ಷಿತ ಎಂದು ಅಳೆದು ನೋಡಲು ಅಧಿಕಾರಿಯೊಬ್ಬರು ಬರುವುದೆಂದಾಯಿತು. ಅವರು ಒಪ್ಪಿದರೆ ಮಾತ್ರ ನಗರಸಭೆಯ ಈಜುಕೊಳ ನಮ್ಮ ಕೈಯಲ್ಲಿ ಉಳಿಯುತ್ತದೆ, ಇಲ್ಲವಾದರೆ ಶಾಲೆಗೆ ಬೀಗ. ಹಿಂದಿನ ದಿನ ಅತ್ತಿಗೆ ನನ್ನನ್ನು ಅಡುಗೆಮನೆಗೆ ಕರೆದು, "ಆ ವಿಷ್ಯ ಮಾತ್ರ ಎತ್ತಬೇಡ ಕಣೇ. ನಮ್ಮ ಅನ್ನಕ್ಕೆ ನಾವೇ ಕಲ್ಲು ಹಾಕ್ಕೋಬೇಕಾ?" ಎಂದರು. ಅವರ ಭಯ ಸುಳ್ಳಲ್ಲ. ಆ ಮನೆ ನಡೆಯುವುದೇ ಕೊಳದಿಂದ. 

ಅಧಿಕಾರಿ ಸಣ್ಣ ಮೈಕಟ್ಟಿನ ಹೆಂಗಸು, ನಗುವ ವಿಷಯದಲ್ಲಿ ಮಹಾ ಜಿಪುಣಿ. ಬಟ್ಟೆ ಬದಲಿಸುವ ಕೋಣೆಗಳ ಚಿಲಕ ಎಳೆದು ನೋಡಿದರು. ಎಲ್ಲಿ ನಿಂತರೆ ಮಗು ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ಮೂಲೆ ಮೂಲೆಯಲ್ಲಿ ತಾವೇ ನಿಂತು ಪರೀಕ್ಷಿಸಿದರು. ಆಮೇಲೆ ಕೂತು ಕೇಳಿದರು, "ದೂರು ಏನಾದ್ರೂ ಬಂದಿದ್ಯಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅಣ್ಣನೇ, "ಬಂದಿದೆ ಮೇಡಂ. ನನ್ನ ಮೇಲೆ," ಎಂದ. ಕೂಗಾಡಿದ್ದನ್ನೂ ಸೇರಿಸಿ ಒಂದಕ್ಷರ ಬಿಡದೆ ಹೇಳಿದ. ಎಂಥ ಅಣ್ಣ ನನ್ನವನು ಎನಿಸಿತು.

ಅಧಿಕಾರಿ ನನ್ನ ಕಡೆ ತಿರುಗಿದರು. "ಅಣ್ಣನ ಮೇಲಿನ ದೂರನ್ನ ತಂಗಿ ವಿಚಾರಿಸಿದ್ದಾ?"

ನನಗೆ ಮೈಯೆಲ್ಲ ಉರಿಯಿತು. "ತಂಗಿ ಆಗಿದ್ದಕ್ಕೇ ಒಂದು ವಾರ ಮೇಡಂ. ಬೇರೆಯವ್ರಾಗಿದ್ರೆ ಎರಡೇ ದಿನಕ್ಕೆ ಬಿಟ್ಟುಬಿಡ್ತಿದ್ರು!"

ಅವರು ನಗಲಿಲ್ಲ. "ಆ ಮಗುವನ್ನೇ ಕೇಳ್ತೀನಿ," ಎಂದು ಎದ್ದರು. ತಾಯಿಯ ಒಪ್ಪಿಗೆ ಪಡೆದು, ಕೊಳದ ಆಚೆ ಬದಿಯ ಬೆಂಚಿನ ಮೇಲೆ ಎಲ್ಲರಿಗೂ ಕಾಣುವಂತೆ ಹುಡುಗಿಯೊಂದಿಗೆ ಕೂತರು. ನಾವು ಈಚೆ ದಡದಲ್ಲಿದ್ದೆವು. ಆ ಛಾವಣಿಯ ಕೆಳಗೆ ಸಣ್ಣ ಮಾತೂ ಮೊಳಗುತ್ತದೆ, ವಕೀಲಮ್ಮನಿಗಂತೂ ಸಣ್ಣಗೆ ಮಾತಾಡಲು ಬರುವುದೇ ಇಲ್ಲ.

"ಸರ್ ಅಂದ್ರೆ ಭಯನಾ?"

"ಆವತ್ತು ಆಗಿತ್ತು. ಆಂಟಿಗೆ ಹೇಳ್ದೆ. ಈಗಿಲ್ಲ."

"ಮತ್ತೆ ಕಾರಿಗೆ ಕರೆದ್ರೆ?"

"ಮತ್ತೆ ಬೇಡ ಅಂತೀನಿ."

"ಮತ್ತೆ ಬೈದ್ರೆ?"

"ಮತ್ತೆ ಆಂಟಿಗೆ ಹೇಳ್ತೀನಿ. ಪಾಪ, ಸರ್ ಮತ್ತೆ ಮನೇಲಿ ಕೂರ್ಬೇಕಾಗುತ್ತೆ." ಸ್ವಲ್ಪ ಯೋಚಿಸಿ ಮುಂದುವರಿಸಿದಳು, "ಬೇಡ ಅನ್ನೋದನ್ನ ನಮಗೆಲ್ಲ ಕಲಿಸಿದ್ದೇ ಸರ್. ಯಾರಿಗೆ ಬೇಕಾದ್ರೂ ಅನ್ನಿ ಅಂದಿದ್ರು. ಅದಕ್ಕೇ ಅಂದೆ."

ಅಣ್ಣ ಗೋಡೆಯ ಕಡೆ ಮುಖ ತಿರುಗಿಸಿಕೊಂಡ. ನನ್ನ ಎದೆ ಉಬ್ಬಿತು. ನಮ್ಮಲ್ಲಿ ಪದಕ ತಂದವರೆಲ್ಲ ಒಂದು ಕಡೆ, ಇವಳೊಬ್ಬಳೇ ಒಂದು ಕಡೆ. ಅವಳ ಬಗ್ಗೆ ಹೆಮ್ಮೆ, ಅಣ್ಣನ ಬಗ್ಗೆ ಹೆಮ್ಮೆ, ಹೇಳಿಕೊಳ್ಳಲು ನಾಚಿಕೆಯೇನು, ನನ್ನ ಬಗ್ಗೆಯೂ ಹೆಮ್ಮೆ.

ಅಧಿಕಾರಿ ವಾಪಸು ಬಂದರು. "ಕೊಳ ನಿಮ್ಮಲ್ಲೇ ಇರ್ಲಿ ಅಂತ ಬರೀತೀನಿ. ಆದ್ರೆ ದೂರು ಕೇಳೋಕೆ ಮನೆಯವ್ರಲ್ಲದ ಇನ್ನೊಬ್ರನ್ನೂ ಇಟ್ಕೊಳ್ಳಿ. ಎಲ್ಲಾ ತಂಗಿಯರೂ ನಿಮ್ಮ ಹಾಗಿರಲ್ಲ."

ಮೊದಲು ಮತ್ತೆ ಉರಿಯಿತು. ಆದರೆ ಮಾತು ಸರಿಯಾಗಿತ್ತು, ಒಪ್ಪಿದೆ.

ಮಕ್ಕಳು ಕೊಳದ ಅಂಚಿನಲ್ಲಿ ಸಾಲಾಗಿ ನಿಂತು ಕಾಯುತ್ತಿದ್ದರು, ವಕೀಲಮ್ಮ ಎಲ್ಲರಿಗಿಂತ ಮುಂದೆ. ಅಣ್ಣ ಸೀಟಿಯನ್ನು ಬಾಯಿಗಿಟ್ಟ. ಊದುವ ಬದಲು ತೋಳಿನಿಂದ ಕಣ್ಣೊರೆಸಿಕೊಳ್ಳುತ್ತ ನಿಂತ. ನಾನೇ ಕಿತ್ತುಕೊಂಡು ಊದಿದೆ.