ಚೌಕಟ್ಟಿನೊಳಗಿನ ಚೌಕಟ್ಟು

ಪೆಟ್ಟಿಗೆ ಬಾಗಿಲಲ್ಲಿ ಸಿಕ್ಕಿಕೊಂಡಿತು. ಕಾಲ ಕಡೆ ಹಿಡಿದವರು ನಡುಮನೆಗೆ ದಾಟಿದ್ದರು, ತಲೆಯ ಕಡೆಯವರು ಇನ್ನೂ ಮಲಗುವ ಕೋಣೆಯಲ್ಲೇ ಇದ್ದರು. ಒಳಗೆ ಸತ್ತು ಮಲಗಿದ್ದ ಮುದುಕ ಅತ್ತಲೂ ಇಲ್ಲ, ಇತ್ತಲೂ ಇಲ್ಲ.

ಪೆಟ್ಟಿಗೆ ಮಾಡಿದವನು ಮೊಳೆ. ಸದಾ ತುಟಿಯ ಸಂದಿಯಲ್ಲಿ ಮೊಳೆ ಕಚ್ಚಿಕೊಂಡೇ ಮಾತಾಡುತ್ತಿದ್ದುದರಿಂದ ಬಂದ ಹೆಸರು. ಸತ್ತವನ ಜೊತೆ ಆಯುಷ್ಯವೆಲ್ಲ ಮರಗೆಲಸ ಮಾಡಿದವನು. ಗೆಳೆಯನ ಭುಜದ ಅಗಲವನ್ನು ಅಳೆದೂ ಅಳೆದೂ ನೋಡಿದ್ದ. ಬಾಗಿಲನ್ನು ಅಳೆದಿರಲಿಲ್ಲ.

ಜೀವಮಾನವೆಲ್ಲ ಬಾಗಿಲು ಕೂರಿಸಿದವನು ನೀನು ಎಂದು ಯಾರೋ ಗೊಣಗಿದರು.

"ಇದನ್ನ ಕೂರಿಸಿದವನು ಒಳಗೆ ಮಲಗಿದಾನೆ. ಅವನನ್ನೇ ಕೇಳು," ಎಂದ ಮೊಳೆ.

ಸ್ವಲ್ಪ ಓರೆ ಮಾಡಿದರೆ ದಾಟುತ್ತದೆ ಎಂದರು. ಗೋಡೆಗೊರಗಿ ಕೂತಿದ್ದ ಮುದುಕಿ ಬೇಡವೆಂದು ತಲೆಯಾಡಿಸಿದಳು. ಬದುಕಿದ್ದಾಗ ನೆಟ್ಟಗೆ ನಡೆದ ಮನುಷ್ಯ.

"ಹಾಗಾದ್ರೆ ಒಳಗಿನ ಚೌಕಟ್ಟು ಕೀಳ್ಬೇಕು, ಅತ್ತಿಗೆ."

ಮುದುಕಿಯ ಕಣ್ಣು ಮಗಳ ಕಡೆ ಹೋಯಿತು. ಗಂಡನ ಮೊದಲ ಹೆಂಡತಿಯ ಮಗಳು; ಈಗ ಅವಳ ತಲೆಯೂ ನರೆತಿದೆ. ಬೆಳಿಗ್ಗೆ ಬಂದವಳು ಅಪ್ಪನ ಕಾಲ ಬಳಿ ಕೂತಳೇ ಹೊರತು ಚಿಕ್ಕಮ್ಮನ ಹತ್ತಿರ ಬಂದಿರಲಿಲ್ಲ. ಇವಳು ಇಂದು ಹೊರಟರೆ ಮತ್ತೆ ಈ ಮನೆಗೆ ಯಾಕೆ ಬಂದಾಳು? ಅದೊಂದೇ ಮುದುಕಿಯನ್ನು ಕೊರೆಯುತ್ತಿತ್ತು.

"ಕೀಳಿ," ಎಂದಳು ಮಗಳು.

*

ಮುದುಕಿ ಮದುವೆಯಾಗಿ ಬಂದಾಗ ಆ ಚೌಕಟ್ಟಿಗೆ ಗೆದ್ದಲು ಹತ್ತಿತ್ತು. ಸತ್ತುಹೋದ ಮೊದಲ ಹೆಂಡತಿ ದಿನವೂ ಕೈಯಿಟ್ಟು ದಾಟುತ್ತಿದ್ದ ಮರ. ಕಿತ್ತುಹಾಕಿ ಎಂದು ಇವಳು ಹೇಳಿದ್ದಳು. ಕಿತ್ತರೆ ಗೋಡೆಯೂ ಜೊತೆಗೆ ಬರುತ್ತದೆ ಎಂದು ಗಂಡ ಹಳೆಯದಕ್ಕೆ ಎಣ್ಣೆ ಹೊಡೆದು, ಅದರೊಳಗೇ ಹೊಸದನ್ನು ಬಿಗಿಯಾಗಿ ಕೂರಿಸಿದ. ಬಾಗಿಲು ಕಿರಿದಾಯಿತು.

ಹೊಸ ಮರದ ಸಂತೋಷಕ್ಕೆ ಅವಳು ಹುಡುಗಿಯನ್ನು ಕರೆದು, ನಿಂತುಕೋ, ಎಷ್ಟೆತ್ತರ ಬೆಳೆದಿದ್ದೀ ಗುರುತು ಹಾಕುತ್ತೇನೆ ಎಂದಳು. "ಇದರ ಮೇಲೆ ಬೇಡ," ಎಂದು ಹುಡುಗಿ ಓಡಿಹೋದಳು. ಆ ಮಾತು ಮುಳ್ಳು ಮುರಿದಂತೆ ಒಳಗೇ ಉಳಿಯಿತು. ಮತ್ತೆ ಕರೆಯಲಿಲ್ಲ.

ಹುಡುಗಿ ಬೆಳೆದು ಗಂಡನ ಮನೆಗೆ ಹೋದ ಮೇಲೆ ಸದ್ದು ಶುರುವಾಯಿತು. ಮಲಗಿದರೆ ದಿಂಬಿನ ಹತ್ತಿರವೇ, ಒರಟು ಮರದ ಮೇಲೆ ಯಾರೋ ಏನನ್ನೋ ಎಳೆದ ಹಾಗೆ: ಸರ್... ಸರ್... ಅವಳು ಬಾಗಿಲನ್ನೇ ನೋಡುತ್ತ ಮಲಗುತ್ತಿದ್ದಳು. ಗೋಡೆಗೂ ಹೊಸ ಚೌಕಟ್ಟಿಗೂ ನಡುವೆ ಸಿಕ್ಕಿಬಿದ್ದ ಆ ಸತ್ತವಳು ಉಗುರಿನಿಂದ ಗೀರುತ್ತಿದ್ದಾಳೆ ಎಂದೇ ನಂಬಿದ್ದಳು. ಯಾರಿಗೂ ಹೇಳಲಿಲ್ಲ.

*

ಮೆಟ್ಟಿಲು ಹತ್ತುವಾಗ ಗಂಡನಿಗೆ ಉಸಿರು ಕಟ್ಟತೊಡಗಿದಾಗಲೇ ಗೊತ್ತಾದದ್ದು, ಸದ್ದು ಅವನ ಎದೆಯದು ಎಂದು. ಅಪ್ಪನನ್ನು ನೋಡಲು ಬಂದ ಮಗಳೂ ಹಾಸಿಗೆಯ ಪಕ್ಕ ಕೂತು ಅದನ್ನು ಕೇಳಿಸಿಕೊಂಡಿದ್ದಳು. ರಕ್ತ ಹೊರಗೆ ಹೋಗುವ ಕವಾಟ ಸುಣ್ಣಗಟ್ಟಿ ಗಡುಸಾಗಿತ್ತು. ಬಿಗಿದ ಬಾಗಿಲನ್ನು ತಳ್ಳಿ ತಳ್ಳಿ ಹೃದಯದ ಗೋಡೆ ದಪ್ಪವಾಗಿತ್ತು. ಎದೆ ಸೀಳದೆ, ತೊಡೆಯ ರಕ್ತನಾಳದಿಂದ ತೆಳು ಕೊಳವೆ ತೂರಿಸಿ ಹೊಸ ಕವಾಟ ಕೂರಿಸಿದರು.

ವರ್ಷದ ಮೇಲೆ ಮತ್ತೆ ತೋರಿಸಲು ಹೋದಾಗ, ಹಳೆಯದನ್ನು ಎಲ್ಲಿ ಹಾಕಿದಿರಿ ಎಂದು ಗಂಡ ಡಾಕ್ಟರನ್ನು ಕೇಳಿದ.

"ಅಲ್ಲೇ ಇದೆ," ಎಂದರು ಡಾಕ್ಟರು. "ಹೊಸದು ಅದನ್ನ ಪಕ್ಕಕ್ಕೆ ಒತ್ತಿಕೊಂಡು ನಿಂತಿದೆ. ಆ ಗಡುಸೇ ಅದಕ್ಕೆ ಹಿಡಿತ. ಇಲ್ದಿದ್ರೆ ಜಾರಿಬಿಡೋದು."

"ನೋಡೇ, ನನ್ನ ಕೆಲಸಾನ ನನಗೇ ಮಾಡಿದಾರೆ," ಎಂದು ಗಂಡ ಅವಳ ಕಡೆ ತಿರುಗಿ ನಕ್ಕ.

ಹೃದಯದ ಗೋಡೆ ತೆಳ್ಳಗಾಗುತ್ತಿದೆ ಎಂದು ಡಾಕ್ಟರು ಹೇಳಿದಾಗ ಮಾತ್ರ ಅವನ ನಗು ನಿಂತಿತು. ಗೋಡೆ ತೆಳ್ಳಗಾದರೆ ಮನೆ ನಿಲ್ಲುವುದು ಹೇಗೆ? ಭಯ ಬೇಡ, ಅದು ಹೊರೆ ಇಳಿಸಿಕೊಳ್ಳುತ್ತಿರುವ ಗೋಡೆ, ಒಳಗಡೆ ಗಟ್ಟಿಯಾದ ಕೆಲವು ಎಳೆಗಳು ಮಾತ್ರ ಹಾಗೇ ಉಳಿಯುತ್ತವೆ ಎಂದು ಡಾಕ್ಟರು ಸಮಾಧಾನ ಹೇಳಿದರು.

ಸದ್ದು ಹೋಯಿತು. ನಿದ್ದೆ ಬರಬೇಕಿತ್ತು, ಬರಲಿಲ್ಲ. ಅವಳು ಗಂಡನ ಎದೆಗೆ ಕಿವಿಯಿಟ್ಟು ಅದನ್ನೇ ಹುಡುಕುತ್ತಿದ್ದಳು. ನಿನ್ನೆ ಬೆಳಕು ಹರಿದಾಗ ಅವನ ಮೈ ತಣ್ಣಗಿತ್ತು. ಆ ಸದ್ದು ಇದ್ದಿದ್ದರೆ ನಿಂತದ್ದಾದರೂ ಗೊತ್ತಾಗುತ್ತಿತ್ತು.

*

ಮೊಳೆ ಹಾರೆಯ ತುದಿ ತೂರಿಸಿ ಮೀಟಿದ. ಹೊಸ ಚೌಕಟ್ಟು ನರಳುತ್ತ ಈಚೆ ಬಂತು. ಹಿಂದಿನ ಮರ ಕಪ್ಪಗಿತ್ತು, ಆದರೆ ಗಟ್ಟಿಯಾಗಿತ್ತು. ಅದರ ಮೇಲೆ ಕೆಳಗಿನಿಂದ ಮೇಲಕ್ಕೆ ಪೆನ್ಸಿಲ್ಲಿನ ಗೀರುಗಳು. ಕೊನೆಯದು ಮುದುಕಿಯ ಸೊಂಟದ ಹತ್ತಿರ ನಿಂತಿತ್ತು.

"ಅಮ್ಮ ಹಾಕಿದ್ದು," ಎಂದಳು ಮಗಳು, ಮೆಲ್ಲಗೆ. "ಅದಕ್ಕೇ ಅವತ್ತು ಹೊಸದರ ಮೇಲೆ ಬೇಡ ಅಂದೆ. ಇದರ ಮೇಲೇ ಹಾಕು ಅನ್ನೋಕೆ ಬಾಯಿ ಬರ್ಲಿಲ್ಲ, ಚಿಕ್ಕಮ್ಮ. ಆಮೇಲೆ ನೀನು ಕರೀಲೇ ಇಲ್ಲ."

ಪೆಟ್ಟಿಗೆ ಎಲ್ಲೂ ತಾಗದೆ ಹೊರಗೆ ಹೋಯಿತು.

ಮಣ್ಣು ಕೊಟ್ಟು ಬಂದಾಗ ಸಂಜೆ. ಕಿತ್ತ ಚೌಕಟ್ಟನ್ನು ಮತ್ತೆ ಕೂರಿಸಿಕೊಡಲೇ ಎಂದು ಮೊಳೆ ಕೇಳಿದ. ಈಗ ಬೇಡವೆಂದು ಅವನನ್ನು ಕಳಿಸಿ, ಮುದುಕಿ ಗೂಟಕ್ಕೆ ನೇತುಹಾಕಿದ್ದ ಗಂಡನ ಅಂಗಿಯ ಜೇಬಿಗೆ ಕೈಹಾಕಿದಳು. ಮರಗೆಲಸದ ಚಪ್ಪಟೆ ಪೆನ್ಸಿಲ್ ಅಲ್ಲೇ ಇತ್ತು.

"ಬಾ," ಎಂದಳು. "ನಿಂತ್ಕೋ."

ಹೊರಡಲು ಚೀಲ ಹೆಗಲಿಗೇರಿಸಿದ್ದ ಮಗಳು ಅದನ್ನು ಕೆಳಗಿಟ್ಟಳು. ಚಪ್ಪಲಿ ಬಿಟ್ಟು, ಹಳೆಯ ಮರಕ್ಕೆ ಬೆನ್ನು ಕೊಟ್ಟು, ಮಕ್ಕಳು ನಿಲ್ಲುವ ಹಾಗೆ ಗದ್ದವೆತ್ತಿ ನಿಂತಳು. ಮುದುಕಿಗೆ ಅವಳ ನೆತ್ತಿ ಎಟುಕಲಿಲ್ಲ. ತುದಿಗಾಲಲ್ಲಿ ನಿಂತು, ನರೆಗೂದಲನ್ನು ಒತ್ತಿ ಹಿಡಿದು, ಪೆನ್ಸಿಲ್ ಎಳೆದಳು.

ಸರ್... ಎಂದಿತು ಮರ.

ಇಬ್ಬರೂ ಒಟ್ಟಿಗೇ ಖಾಲಿ ಹಾಸಿಗೆಯ ಕಡೆ ತಿರುಗಿದರು.