ನೀಲವ್ವನ ಕೈಯ ಕೆಂಪು ಹಲಗೆ

ನಾನು ಒಂದು ಕೆಂಪು ಹಲಗೆ. ಹುಬ್ಬಳ್ಳಿಯ ಬಡಗಿ ದಸ್ತಗೀರಸಾಬರು ಹಳೆಯ ಕೇರಂ ಬೋರ್ಡನ್ನು ದುಂಡಗೆ ಕೊಯ್ದು, ಮೊಳದುದ್ದದ ಹಿಡಿ ಜೋಡಿಸಿ ನನ್ನನ್ನು ಮಾಡಿದರು. ಎರಡೂ ಮೈಗೆ ಕೆಂಪು ಬಳಿದು, ಬಿಳಿ ಅಕ್ಷರಗಳಲ್ಲಿ ‘ನಿಲ್ಲಿ’ ಎಂದು ಬರೆದರು.

ನಾನು ಹುಟ್ಟಿದ್ದು ಸುಮ್ಮನೆ ಅಲ್ಲ. ಓಣಿಯ ಶಾಲೆಯ ಮುಂದೆ ರಸ್ತೆ ದಾಟುವಾಗ ಬೈಕ್ ಬಡಿದು ಒಂದನೇ ತರಗತಿಯ ಹುಡುಗಿಯೊಬ್ಬಳ ಕೈ ಮುರಿದಿತ್ತು. ಮರುದಿನವೇ ಪಾಲಕರು, ಆಟೋದವರು, ಅಂಗಡಿಯವರು, ಟ್ರಾಫಿಕ್ ಹವಾಲ್ದಾರ ಹಂಚಿನಾಳರು ಎಲ್ಲರೂ ಶಾಲೆಯ ಅಂಗಳದಲ್ಲಿ ಸೇರಿದರು.

“ನನಗ ನಾಲ್ಕು ಸರ್ಕಲ್ ಅದಾವ್ರಿ. ಒಬ್ಬನೇ ಎಲ್ಲೆಲ್ಲಿ ನಿಲ್ಲಲಿ?” ಎಂದರು ಹಂಚಿನಾಳರು.

ಗೇಟಿನ ಮುಂದೆ ಗಾಡಿ ನಿಲ್ಲಿಸುವುದಿಲ್ಲವೆಂದು ಆಟೋದವರು ಒಪ್ಪಿದರು. ರಸ್ತೆಗೆ ಬಿಳಿ ಪಟ್ಟಿ ಬಳಿಯಲು ಪಾಲಕರು ಮುಂದಾದರು. ಆದರೆ ದಿನಾಲೂ ನಿಂತು ವಾಹನ ತಡೆಯುವವರು ಯಾರು? ಶಾಲೆಯ ಎದುರು ಹೂವು ಮಾರುವ ನೀಲವ್ವ ಎದ್ದಳು.

“ನಾ ಹೆಂಗೂ ಅಲ್ಲೇ ಕುಂದರ್ತೀನಿ. ಎರಡು ಹೊತ್ತು ಎದ್ದು ನಿಂತ್ರ ಆತು. ಕೈಯಾಗ ಏನರ ಕೊಡ್ರಿ.”

ಹಾಗೆ ನಾನು ಅವಳ ಕೈ ಸೇರಿದೆ. ಹಂಚಿನಾಳರು ಮೂರು ದಿನ ಪಕ್ಕದಲ್ಲಿ ನಿಂತು ಕಲಿಸಿದರು. ಮೊದಲ ದಿನ ಅವಳು ನನ್ನನ್ನು ತಲೆಕೆಳಗಾಗಿ ಹಿಡಿದಿದ್ದಳು. ಮಕ್ಕಳು ನಕ್ಕರು, ಅವಳೂ ನಕ್ಕಳು. ವಾರದೊಳಗೆ ನನ್ನ ಮೈಯೆಲ್ಲ ಮಲ್ಲಿಗೆಯ ವಾಸನೆ.

ಒಂದು ಮುಂಜಾನೆ ಮಕ್ಕಳು ನಡುರಸ್ತೆಯಲ್ಲಿದ್ದಾಗ ನೀರಿನ ಟ್ಯಾಂಕರೊಂದು ಹಾರನ್ ಬಾರಿಸುತ್ತ ನುಗ್ಗಿ ಬಂತು. ನೀಲವ್ವ ಅಲುಗಲಿಲ್ಲ. ಬ್ರೇಕು ಕಿರುಚಿ, ಟ್ಯಾಂಕರು ನನ್ನಿಂದ ಗೇಣು ದೂರದಲ್ಲಿ ನಿಂತಿತು.

“ಏ ಮುದುಕಿ, ನೀ ಏನ್ ಪೊಲೀಸಾ? ರಸ್ತೆ ನಿಂದೇನು?” ಚಾಲಕ ಕಲ್ಮೇಶ ಕೂಗಾಡಿದ.

ಅವಳು ನನ್ನನ್ನು ಇನ್ನಷ್ಟು ಮೇಲೆತ್ತಿ ಹಿಡಿದಳು.

“ರಸ್ತೆ ನಂದಲ್ಲಪಾ. ಮಕ್ಕಳು ನಮ್ಮವು. ಅವು ದಾಟೂತನಕ ತಡಿ.”

ಆಟೋದವರು ಒಬ್ಬೊಬ್ಬರಾಗಿ ಬಂದು ಅವಳ ಪಕ್ಕ ಸುಮ್ಮನೆ ನಿಂತರು. ಕೊನೆಗೆ ಆ ಕೈಮುರಿದ ಹುಡುಗಿ ನಿಧಾನವಾಗಿ ದಾಟಿದಳು. ಪ್ಲಾಸ್ಟರ್ ಕಟ್ಟಿದ ಕೈಯನ್ನೇ ಮೇಲೆತ್ತಿ, “ಥ್ಯಾಂಕ್ಯೂ ಕಾಕಾ!” ಎಂದಳು. ಕಲ್ಮೇಶ ಇಂಜಿನ್ ಆರಿಸಿದ. ಮರುದಿನ ನನ್ನನ್ನು ಎತ್ತುವ ಮೊದಲೇ ಅವನ ಟ್ಯಾಂಕರು ದೂರದಲ್ಲಿ ನಿಂತಿತ್ತು.

ಮಗಳ ಬಾಣಂತನಕ್ಕೆಂದು ನೀಲವ್ವ ಗದಗಿಗೆ ಹೊರಟಾಗ, “ನಾ ನಿಲ್ತೀನಿ ಬಿಡಬೇ” ಎಂದು ಮುಂದೆ ಬಂದವನು ಅದೇ ಕಲ್ಮೇಶ. ಅವನ ಹುರುಪೇನು ಕೇಳುತ್ತೀರಿ! ಸೈಕಲ್ಲುಗಳನ್ನೂ ನಿಲ್ಲಿಸಿದ, ಒಮ್ಮೆ ಎಮ್ಮೆಯನ್ನೂ ನಿಲ್ಲಿಸಿದ. ನೀಲವ್ವ ತಿರುಗಿ ಬಂದ ಮೇಲೂ ಬೆಳಗಿನ ಪಾಳಿಯನ್ನು ಬಿಟ್ಟುಕೊಡಲಿಲ್ಲ.

ನಾಲ್ಕು ವರ್ಷ ಅಲ್ಲಿ ಒಂದು ಮಗುವಿಗೂ ಪೆಟ್ಟಾಗಲಿಲ್ಲ. ಆಮೇಲೆ ಸಿಗ್ನಲ್ ದೀಪ ಬಂತು. ನನ್ನ ಬಣ್ಣ ಉದುರಿತ್ತು, ಹಿಡಿ ಸೀಳಿತ್ತು. ಈಗ ಒಂದನೇ ತರಗತಿಯ ಗೋಡೆಯ ಮೊಳೆಯೇ ನನ್ನ ಮನೆ. ನಾನೊಂದು ಪ್ಲೈವುಡ್ ಚೂರು; ಗಾಡಿ ತಡೆಯುವ ಬಲ ನನ್ನಲ್ಲಿ ಎಂದೂ ಇರಲಿಲ್ಲ. ಹಿಡಿದವರಲ್ಲಿತ್ತು, ಅವರ ಪಕ್ಕ ಬಂದು ನಿಂತವರಲ್ಲಿತ್ತು.

ನಿನ್ನೆ ಪುಟ್ಟ ಹುಡುಗಿಯೊಬ್ಬಳು ಬೆಂಚು ಹತ್ತಿ ನನ್ನನ್ನು ಇಳಿಸಿದಳು. ಪುಸ್ತಕದ ರಾಶಿ ಹೊತ್ತು ಬಾಗಿಲಿಗೆ ಬಂದ ಹೆಡ್‌ ಟೀಚರಿಗೆ ಎರಡೂ ಕೈಯಿಂದ ನನ್ನನ್ನು ಅಡ್ಡ ಹಿಡಿದಳು.

“ನಿಲ್ರಿ ಟೀಚರ್! ಮಕ್ಕಳು ದಾಟಾಕತ್ತಾರ.”

ಟೀಚರು ನಿಂತರು. ಇಡೀ ಸಾಲು ನಗುತ್ತ ದಾಟಿ ಅಂಗಳ ಸೇರುವವರೆಗೂ ನಿಂತೇ ಇದ್ದರು.